ಪೊಲೀಸರಿಗೆ ಯೂನಿಯನ್ ಯಾಕಿಲ್ಲ? ಇದ್ದರೆ ಅದು ಮಾಡುವ ಕೆಲಸ ಏನು?

ಪ್ರಶ್ನೆ: ನನ್ನ ಗಂಡ ತಾಲ್ಲೂಕು ಠಾಣೆಯೊಂದರಲ್ಲಿ ಹೆಡ್ ಕಾನ್‌ಸ್ಟೆಬಲ್. ಬೆಳಿಗ್ಗೆ ಡ್ಯೂಟಿಗೆ ಹೋದರೆ ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಹೇಳೋಕಾಗಲ್ಲ. ವಾರದ ರಜೆ ಕಾಗದದ ಮೇಲಿದೆ ಅಷ್ಟೆ. ನನ್ನ ಅಣ್ಣ ಸಾರಿಗೆ ನಿಗಮದಲ್ಲಿ ಕಂಡಕ್ಟರ್. ಅವನಿಗೆ ಮೆಮೊ ಕೊಟ್ಟರೆ ಯೂನಿಯನ್‌ನವರು ಡಿಪೋಗೆ ಬಂದು ಮಾತಾಡುತ್ತಾರೆ. ಪೊಲೀಸರಿಗೆ ಯಾಕೆ ಯೂನಿಯನ್ ಇಲ್ಲ? ಕೇರಳದಲ್ಲಿ ಇದೆ, ಇಂಗ್ಲೆಂಡ್, ಅಮೆರಿಕದಲ್ಲಿ ಇದೆ ಅಂತಾರೆ. ಅಲ್ಲಿ ಅವು ನಿಜವಾಗಿ ಏನು ಮಾಡುತ್ತವೆ? ಇವರ ಪರವಾಗಿ ನಾನೇ ಮುಖ್ಯಮಂತ್ರಿಗಳಿಗೆ ಪತ್ರ ಬರೆದರೆ ಇವರ ಕೆಲಸಕ್ಕೆ ತೊಂದರೆ ಆಗುತ್ತಾ?

ಉತ್ತರ: ಸರ್ಕಾರಿ ನೌಕರರ ಸೇವಾ ಪ್ರಕರಣಗಳನ್ನು ನೋಡುವ ವಕೀಲನಾಗಿ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಪೊಲೀಸರ ಹೆಂಡತಿಯರು, ತಾಯಂದಿರು. ಪೊಲೀಸರೇ ಕೇಳುವುದು ಕಡಿಮೆ. ಕೇಳಿದರೂ ಫೋನಿನಲ್ಲಿ ಕೇಳುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡೋಣ. 'ಪೊಲೀಸರು ಸಂಘ ಕಟ್ಟುವ ಹಾಗೇ ಇಲ್ಲ' ಎಂದು ಇಲಾಖೆಯೊಳಗಿನವರೇ ನಂಬಿಕೊಂಡಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ ಎನ್ನುತ್ತದೆ. ಈ ಎರಡರ ನಡುವೆ ಬಹಳ ಅಂತರ ಇದೆ.

ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಆದರೆ ಸೇನೆ ಮತ್ತು ಪೊಲೀಸ್ ಪಡೆಗಳ ವಿಷಯದಲ್ಲಿ ಈ ಹಕ್ಕನ್ನು ಎಷ್ಟು ಬೇಕೋ ಅಷ್ಟು ಮೊಟಕು ಮಾಡಬಹುದು ಎಂದು 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಅದನ್ನು ಬಳಸಿ 1966ರಲ್ಲಿ ಬಂದದ್ದು ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆ. ಅದರ 3ನೇ ಕಲಮಿನ ಪ್ರಕಾರ, ಕೇಂದ್ರ ಸರ್ಕಾರದ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಸ್ಪಷ್ಟ ಒಪ್ಪಿಗೆ ಇಲ್ಲದೆ ಯಾವ ಪೊಲೀಸನೂ ಟ್ರೇಡ್ ಯೂನಿಯನ್, ಕಾರ್ಮಿಕ ಸಂಘ, ರಾಜಕೀಯ ಸಂಘಗಳಿಗೆ ಸೇರುವಂತಿಲ್ಲ. ಬರೀ ಆಟೋಟ, ಸಾಮಾಜಿಕ, ಧಾರ್ಮಿಕ ಸಂಘಗಳಿಗೆ ಅಡ್ಡಿ ಇಲ್ಲ. ಪತ್ರಿಕೆಗಳ ಜೊತೆ ಮಾತಾಡುವುದಕ್ಕೂ ಇದೇ ಕಲಮಿನಲ್ಲಿ ಕಡಿವಾಣ ಇದೆ. ಮೀರಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಿಮ್ಮ ಅಣ್ಣನ ವಿಷಯ ಬೇರೆ ಆಗುವುದು ಇನ್ನೊಂದು ಕಾರಣಕ್ಕೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ 'ಕೆಲಸಗಾರ' ಯಾರು ಎಂದು ಹೇಳುವಾಗ ಪೊಲೀಸ್ ಸೇವೆಯಲ್ಲಿ ಇರುವವರನ್ನು ಹೊರಗಿಟ್ಟಿತ್ತು. ಹೊಸ ಕಾರ್ಮಿಕ ಸಂಹಿತೆಯೂ ಅದನ್ನೇ ಮುಂದುವರಿಸಿದೆ. ಹಾಗಾಗಿ ಕಂಡಕ್ಟರಿಗೆ ಇರುವ ಲೇಬರ್ ಆಫೀಸರ್, ಸಂಧಾನ ಸಭೆ, ಕಾರ್ಮಿಕ ನ್ಯಾಯಾಲಯ, ಇವು ಯಾವುವೂ ನಿಮ್ಮ ಗಂಡನಿಗೆ ಸಿಗುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಪ್ಪಂದ ಕೂಡ ಪೊಲೀಸರಿಗೆ ಸಂಘದ ಹಕ್ಕು ಎಷ್ಟು ಎಂಬುದನ್ನು ಆಯಾ ದೇಶದ ಕಾನೂನಿಗೇ ಬಿಟ್ಟಿದೆ. ಭಾರತ ಆ ಒಪ್ಪಂದಕ್ಕೆ ಒಪ್ಪಿಗೆಯನ್ನೇ ಕೊಟ್ಟಿಲ್ಲ.

ಸರ್ಕಾರಗಳು ಇಷ್ಟೊಂದು ಹೆದರುವುದು ಯಾಕೆ? ಹೆದರಿಕೆಗೆ ಕಾರಣ ಇದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ದೆಹಲಿ ಪೊಲೀಸರ ನಾನ್ ಗೆಜೆಟೆಡ್ ಕರ್ಮಚಾರಿ ಸಂಘಕ್ಕೆ 1966ರಲ್ಲಿ ಮಾನ್ಯತೆ ಸಿಕ್ಕಿತ್ತು. ಮರುವರ್ಷವೇ ಅದನ್ನು ಕಿತ್ತುಕೊಂಡರು. 1967ರ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಬೀದಿಗಿಳಿದರು. ಸಂಘ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1986ರ ನವೆಂಬರ್‌ನಲ್ಲಿ ತೀರ್ಪು ಬಂತು, ಕಾಯ್ದೆ ಸಂವಿಧಾನಬದ್ಧ ಎಂದಾಯಿತು. ಇವತ್ತಿಗೂ ಸರ್ಕಾರಗಳು ತೋರಿಸುವುದು ಅದೇ ತೀರ್ಪನ್ನು. ಈ ನಡುವೆ 1973ರಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪಡೆ ಪಿಎಸಿ ದಂಗೆ ಎದ್ದಿತು. ಸೇನೆ ಕರೆಸಬೇಕಾಯಿತು, ಮುಖ್ಯಮಂತ್ರಿ ಕಮಲಾಪತಿ ತ್ರಿಪಾಠಿ ರಾಜೀನಾಮೆ ಕೊಟ್ಟರು. 1982ರ ಆಗಸ್ಟ್ 18ರಂದು ಮುಂಬೈಯಲ್ಲಿ ಕಾನ್‌ಸ್ಟೆಬಲ್‌ಗಳ ಸಂಘದ ಮಾನ್ಯತೆ ರದ್ದುಮಾಡಿ ಮುಖಂಡರನ್ನು ಬಂಧಿಸಿದಾಗ ಪೊಲೀಸರೇ ಗಲಭೆಗಿಳಿದರು. ಅಲ್ಲೂ ಸೇನೆ ಬಂತು. ಕೈಯಲ್ಲಿ ಬಂದೂಕು ಇರುವವರು ಒಟ್ಟಾಗಿ ಕೆಲಸ ನಿಲ್ಲಿಸಿದರೆ ಜನರ ಗತಿ ಏನು ಎಂಬ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಇದೇ ಚರಿತ್ರೆಯನ್ನು ಇನ್ನೊಮ್ಮೆ ಓದಿ. 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು. ಅದು ತನ್ನ ಮೊದಲ ವರದಿಯನ್ನು 1979ರ ಫೆಬ್ರವರಿಯಲ್ಲಿ ಕೊಟ್ಟಿತು. ಆ ವರದಿಯ ಹೆಚ್ಚಿನ ಭಾಗ ಕಾನ್‌ಸ್ಟೆಬಲ್‌ಗಳ ಬದುಕಿನದು: ಸಂಬಳ, ಮನೆ, ಕೆಲಸದ ಅವಧಿ, ದೂರು ಹೇಳಿಕೊಳ್ಳುವ ವ್ಯವಸ್ಥೆ. ಕಾನ್‌ಸ್ಟೆಬಲ್‌ನನ್ನು ಕೌಶಲ ಇಲ್ಲದ ಕೂಲಿಯ ಹಾಗೆ ಅಳೆಯಬಾರದು, ಆರ್ಡರ್ಲಿ ಪದ್ಧತಿ, ಅಂದರೆ ಮೇಲಧಿಕಾರಿಗಳ ಮನೆಗೆಲಸಕ್ಕೆ ಪೊಲೀಸರನ್ನು ಹಚ್ಚುವುದು, ಹೋಗಬೇಕು ಎಂದು ಆಗಲೇ ಹೇಳಿತ್ತು. ವರದಿ ಸರ್ಕಾರದ ಮೇಜಿನ ಮೇಲೆ ಇದ್ದಾಗಲೇ, ಮೇ ತಿಂಗಳಲ್ಲಿ ಪಂಜಾಬಿನಲ್ಲಿ ಪೊಲೀಸರ ಚಳವಳಿ ಶುರುವಾಗಿ ಹಲವು ರಾಜ್ಯಗಳಿಗೆ ಹಬ್ಬಿತು. ಬೊಕಾರೋದಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಸಿಐಎಸ್‌ಎಫ್‌ನ ಜವಾನರ ಮೇಲೆ ಸೇನೆ ಗುಂಡು ಹಾರಿಸುವವರೆಗೂ ಹೋಯಿತು. ಏನು ತೊಂದರೆ ಇದೆ ಎಂದು ಸರ್ಕಾರಕ್ಕೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಗೊತ್ತಿತ್ತು. ಅದನ್ನು ಕೂತು ಮಾತಾಡಿ ಬಗೆಹರಿಸುವ ಜಾಗ ಇರಲಿಲ್ಲ.

ಇಂಗ್ಲೆಂಡ್ ಈ ಪಾಠವನ್ನು 60 ವರ್ಷ ಮೊದಲೇ ಕಲಿತಿತ್ತು. 1918ರ ಆಗಸ್ಟ್‌ನಲ್ಲಿ ಲಂಡನ್ ಪೊಲೀಸರು ಸಂಬಳ ಮತ್ತು ಸಂಘದ ಮಾನ್ಯತೆಗಾಗಿ ಮುಷ್ಕರ ಮಾಡಿದರು. ಸರ್ಕಾರ ಸಂಬಳ ಏರಿಸಿತು. ಮುಂದಿನ ವರ್ಷ ಎರಡನೇ ಮುಷ್ಕರ ನಡೆಯಿತು, ಲಿವರ್‌ಪೂಲ್‌ನಲ್ಲಿ ಜೋರಾಗಿ. ಆ ಸಲ ಭಾಗವಹಿಸಿದವರನ್ನೆಲ್ಲ ಕೆಲಸದಿಂದ ತೆಗೆದರು, ಯಾರನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. ಆದರೆ ಅಲ್ಲಿಗೇ ಬಿಡಲಿಲ್ಲ. 1919ರ ಪೊಲೀಸ್ ಕಾಯ್ದೆ ಯೂನಿಯನ್ನನ್ನೂ ಮುಷ್ಕರವನ್ನೂ ನಿಷೇಧಿಸಿತು. ಅದೇ ಕಾಯ್ದೆ ಕಾನ್‌ಸ್ಟೆಬಲ್‌ಗಳ ಮಾತು ಹೇಳಲು ಪೊಲೀಸ್ ಫೆಡರೇಷನ್ ಎಂಬ ಶಾಸನಬದ್ಧ ಸಂಸ್ಥೆಯನ್ನು ಹುಟ್ಟುಹಾಕಿತು. ನೂರು ವರ್ಷ ದಾಟಿ ಅದು ಇವತ್ತಿಗೂ ಇದೆ. ಕಾನ್‌ಸ್ಟೆಬಲ್‌ನಿಂದ ಚೀಫ್ ಇನ್ಸ್‌ಪೆಕ್ಟರ್‌ವರೆಗಿನವರ ಪರ ಮಾತಾಡುತ್ತದೆ. ಮುಷ್ಕರದ ಹಕ್ಕು ಇಲ್ಲ. 2008ರ ಜನವರಿಯಲ್ಲಿ ಸಂಬಳದ ವಿವಾದ ಬಂದಾಗ ಸಾವಿರಾರು ಪೊಲೀಸರು ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಲಂಡನ್ ಬೀದಿಗಳಲ್ಲಿ ಶಾಂತವಾಗಿ ಮೆರವಣಿಗೆ ಹೋದರು. ಯಾವ ಠಾಣೆಯೂ ಮುಚ್ಚಲಿಲ್ಲ.

ಅಮೆರಿಕದ ಬಾಸ್ಟನ್‌ನಲ್ಲೂ 1919ರಲ್ಲೇ, ಸೆಪ್ಟೆಂಬರ್ 9ರಂದು, ಸಾವಿರಕ್ಕೂ ಹೆಚ್ಚು ಪೊಲೀಸರು ಮುಷ್ಕರ ಹೂಡಿದರು. ಊರಿನಲ್ಲಿ ಲೂಟಿ ಆಯಿತು. ಗವರ್ನರ್ ಕ್ಯಾಲ್ವಿನ್ ಕೂಲಿಡ್ಜ್ ಬಗ್ಗಲಿಲ್ಲ, ಮುಷ್ಕರ ಮಾಡಿದವರು ಕೆಲಸ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಹೊಸಬರಿಗೆ, ಹಳಬರು ಕೇಳಿದ್ದ ಸಂಬಳ ಏರಿಕೆಯೂ ಉಚಿತ ಸಮವಸ್ತ್ರವೂ ಸಿಕ್ಕಿತು! ನನಗೆ ಈ ಪ್ರಸಂಗ ತುಂಬ ನೋವು ಕೊಡುತ್ತದೆ. ಕೇಳಿದ್ದು ನ್ಯಾಯವಾಗಿಯೇ ಇತ್ತು, ಕೇಳಿದವರು ಮಾತ್ರ ಬೀದಿಪಾಲಾದರು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಪೊಲೀಸ್ ಯೂನಿಯನ್ ದಿನನಿತ್ಯ ಮಾಡುವ ಕೆಲಸ ಏನು?

ಯೂನಿಯನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮುಷ್ಕರ, ಘೋಷಣೆ, ಬಾವುಟ. ಮುಷ್ಕರ ಯಾವಾಗಲೋ ಒಮ್ಮೆ. ಕೆಲಸದ ಬಹುಪಾಲು ಕಾಗದದ ಮುಂದೆ ಕೂತು ಮಾಡುವಂಥದ್ದು. ಸಂಬಳದ ಮಾತುಕತೆಗೆ ಅಂಕಿಅಂಶ ಸಿದ್ಧಪಡಿಸುವುದು, ಡ್ಯೂಟಿ ಪಟ್ಟಿ ನೋಡುವುದು, ಗಾಯಗೊಂಡವನ ಆಸ್ಪತ್ರೆ ಬಿಲ್ಲಿನ ಹಿಂದೆ ಓಡುವುದು, ಸತ್ತವನ ಹೆಂಡತಿಗೆ ಅನುಕಂಪದ ನೌಕರಿಯ ಅರ್ಜಿ ತುಂಬಿಕೊಡುವುದು. ಎಲ್ಲಕ್ಕಿಂತ ದೊಡ್ಡದು ಇಲಾಖಾ ವಿಚಾರಣೆಯಲ್ಲಿ ಪಕ್ಕದಲ್ಲಿ ಕೂರುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬ ಕಾನ್‌ಸ್ಟೆಬಲ್ ಮೇಲೆ ಕರ್ತವ್ಯಲೋಪದ ಆರೋಪ ಬಂತು ಅಂದುಕೊಳ್ಳಿ. ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡವಳಿಗಳ ನಿಯಮಗಳು, 1965ರ ಅಡಿ ಚಾರ್ಜ್ ಮೆಮೊ ಬರುತ್ತದೆ. ಮೇಲಿನ ದರ್ಜೆಯ ಅಧಿಕಾರಿಯೊಬ್ಬರು ವಿಚಾರಣೆ ಮಾಡುತ್ತಾರೆ. ಸಾಕ್ಷಿಗಳೂ ಬಹುತೇಕ ಇವನಿಗಿಂತ ಮೇಲಿನವರೇ. ಒಂದು ಕೋಣೆ. ಮೇಜಿನ ಆ ಕಡೆ ಅಧಿಕಾರಿ, ಫೈಲು, ರೈಟರ್. ಈ ಕಡೆ ಇವನೊಬ್ಬ, ಟೋಪಿ ತೊಡೆಯ ಮೇಲೆ ಇಟ್ಟುಕೊಂಡು. ತನ್ನ ಇನ್‌ಸ್ಪೆಕ್ಟರಿಗೇ ಇವನು ಪಾಟಿ ಸವಾಲು ಹಾಕಬೇಕು! ನಾಳೆ ಬೆಳಿಗ್ಗೆ ಅದೇ ಇನ್‌ಸ್ಪೆಕ್ಟರ್ ಇವನಿಗೆ ಡ್ಯೂಟಿ ಹಂಚುತ್ತಾರೆ. ನಾನು ಓದಿರುವ ವಿಚಾರಣಾ ಫೈಲುಗಳಲ್ಲಿ ಎಷ್ಟೋ ಕಡೆ 'ಪಾಟಿ ಸವಾಲು: ಇಲ್ಲ' ಎಂದೇ ಬರೆದಿರುತ್ತದೆ. ಕೇಳಲು ಪ್ರಶ್ನೆ ಇರಲಿಲ್ಲ ಅಂತಲ್ಲ, ಕೇಳುವ ಧೈರ್ಯ ಇರಲಿಲ್ಲ. ಆಮೇಲೆ ಇನ್‌ಕ್ರಿಮೆಂಟ್ ಕಡಿತ, ಪ್ರಮೋಷನ್‌ಗೆ ಅಡ್ಡಿ, ಕೆಲವೊಮ್ಮೆ ವಜಾ. ಕೋರ್ಟಿಗೆ ಬಂದಾಗ ನಮ್ಮ ಕೈಯಲ್ಲಿ ಇರುವುದು ಆ ಖಾಲಿ ಪುಟ.

ಇಂಗ್ಲೆಂಡಿನಲ್ಲಿ ಹೀಗೆ ವಿಚಾರಣೆ ಎದುರಿಸುವ ಪೊಲೀಸನಿಗೆ ತನ್ನ ಜೊತೆ ಒಬ್ಬ 'ಪೊಲೀಸ್ ಫ್ರೆಂಡ್' ಕರೆದುಕೊಂಡು ಹೋಗುವ ಹಕ್ಕಿದೆ. ಹೆಚ್ಚಾಗಿ ಆ ಫ್ರೆಂಡ್ ಫೆಡರೇಷನ್‌ನ ಪ್ರತಿನಿಧಿ. ಅವನೂ ಪೊಲೀಸನೇ, ನಿಯಮ ಬಲ್ಲವನು, ವಿಚಾರಣೆ ಮಾಡುವವರ ಮರ್ಜಿಗೆ ಬಿದ್ದವನಲ್ಲ. ಅವನು ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಾನೆ, ಪರವಾಗಿ ಮಾತಾಡುತ್ತಾನೆ. ನನ್ನ ಮಟ್ಟಿಗೆ ಪೊಲೀಸ್ ಸಂಘ ಒಂದು ಈ ಒಂದೇ ಕೆಲಸ ಮಾಡಿದರೂ ಅದರ ಅಸ್ತಿತ್ವಕ್ಕೆ ಸಾಕಷ್ಟು ಕಾರಣ ಸಿಕ್ಕ ಹಾಗೆ.

ಕೆನಡಾದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿನ ಆರ್‌ಸಿಎಂಪಿ ಎಂಬ ರಾಷ್ಟ್ರೀಯ ಪೊಲೀಸ್ ಪಡೆಗೆ ದಶಕಗಳ ಕಾಲ ಯೂನಿಯನ್ ನಿಷೇಧ ಇತ್ತು. ಅದರ ಬದಲು ಆಡಳಿತವೇ ನಡೆಸುವ ಒಂದು ಪ್ರತಿನಿಧಿ ವ್ಯವಸ್ಥೆ ಇತ್ತು. 2015ರ ಜನವರಿಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇದು ಸಾಲದು ಎಂದಿತು. ನೌಕರರ ಪ್ರತಿನಿಧಿಗಳು ಆಡಳಿತದಿಂದ ಸ್ವತಂತ್ರವಾಗಿ ಇರಬೇಕು, ನೌಕರರೇ ಆರಿಸಿಕೊಂಡವರಾಗಿರಬೇಕು ಎಂದು ತೀರ್ಪು ಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ಎದುರಿಸಿದ ಪ್ರಶ್ನೆಗೆ ಅದು ಇನ್ನೊಂದು ಉತ್ತರ.

ಕೇರಳಕ್ಕೆ ಬರೋಣ. ಅಲ್ಲಿರುವುದು ಟ್ರೇಡ್ ಯೂನಿಯನ್ ಅಲ್ಲ, ಮಾನ್ಯತೆ ಪಡೆದ ಸಂಘಗಳು. ಕೆಳಗಿನ ದರ್ಜೆಯವರಿಗೆ ಕೇರಳ ಪೊಲೀಸ್ ಅಸೋಸಿಯೇಷನ್, ಎಸ್‌ಐ, ಇನ್‌ಸ್ಪೆಕ್ಟರ್‌ಗಳಿಗೆ ಕೇರಳ ಪೊಲೀಸ್ ಆಫೀಸರ್ಸ್ ಅಸೋಸಿಯೇಷನ್. ಪದಾಧಿಕಾರಿಗಳನ್ನು ಚುನಾವಣೆಯಲ್ಲಿ ಆರಿಸುತ್ತಾರೆ. ಜಿಲ್ಲಾ ಸಮ್ಮೇಳನ, ರಾಜ್ಯ ಸಮ್ಮೇಳನ ನಡೆಯುತ್ತವೆ. ಮಂತ್ರಿಗಳು ಉದ್ಘಾಟನೆಗೆ ಬರುತ್ತಾರೆ, ಕಾನ್‌ಸ್ಟೆಬಲ್‌ಗಳು ಅವರ ಎದುರಿಗೇ ನಿಂತು ಬೇಡಿಕೆ ಓದುತ್ತಾರೆ. ನಮ್ಮಲ್ಲಿ ಇದನ್ನು ಊಹಿಸಿಕೊಳ್ಳುವುದೇ ಕಷ್ಟ, ಅಲ್ವಾ? ಕೇರಳಕ್ಕೂ 1966ರ ಕಾಯ್ದೆಯೇ ಅನ್ವಯ. ಅದೇ ಕಾನೂನಿನ ಕೆಳಗೆ, ಗಡಿಯ ಆ ಕಡೆ ಸಂಘ ಇದೆ, ಈ ಕಡೆ ಇಲ್ಲ. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಎನ್ನುವುದಿಲ್ಲ. ಅಧಿಕಾರದಲ್ಲಿರುವ ಪಕ್ಷದ ಬಣ್ಣ ಸಂಘಕ್ಕೂ ಹತ್ತುತ್ತದೆ, ಸರ್ಕಾರ ಬದಲಾದರೆ ಸಂಘದ ಹಿಡಿತವೂ ಬದಲಾಗುತ್ತದೆ ಎಂಬ ದೂರು ಅಲ್ಲಿ ಹಳೆಯದು. ಆ ದೂರನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಅಮೆರಿಕದ ವಿಷಯದಲ್ಲಿ ನಾನು ಇನ್ನೂ ಹುಷಾರಾಗಿ ಇರುತ್ತೇನೆ. ಅಲ್ಲಿ ಪೊಲೀಸ್ ಯೂನಿಯನ್‌ಗಳು ಊರಿನ ಆಡಳಿತದ ಜೊತೆ ಕೂತು ಸಂಬಳ, ಪಾಳಿ, ಓವರ್‌ಟೈಮ್ ಎಲ್ಲದಕ್ಕೂ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತವೆ. ಓವರ್‌ಟೈಮ್ ಮಾಡಿದರೆ ದುಡ್ಡು ಬರುತ್ತದೆ, ಅಲ್ಲಿವರೆಗೂ ಚೆನ್ನ. ಆದರೆ ಶಿಸ್ತುಕ್ರಮದ ನಿಯಮಗಳನ್ನೂ ಅದೇ ಒಪ್ಪಂದದೊಳಗೆ ಸೇರಿಸಿದವು. ಜನರ ಮೇಲೆ ಕೈಮಾಡಿ ವಜಾ ಆದ ಪೊಲೀಸರು ಮಧ್ಯಸ್ಥಿಕೆ ಮೂಲಕ ಮತ್ತೆ ಕೆಲಸಕ್ಕೆ ಬಂದ ಪ್ರಕರಣಗಳು ಇವೆ. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕೊಲೆ ಆದಮೇಲೆ ಈ ರಕ್ಷಣೆಗಳ ಬಗ್ಗೆ ದೇಶವೇ ಸಿಟ್ಟಿಗೆದ್ದಿತು. ಪೊಲೀಸರಿಗೆ ವಿಚಾರಣೆಯಲ್ಲಿ ವಿಶೇಷ ರಕ್ಷಣೆ ಕೊಡುವ ಕಾನೂನನ್ನು 1974ರಲ್ಲಿ ಮೊದಲು ತಂದ ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಅದನ್ನು ರದ್ದು ಮಾಡಿತು. ಕಾನ್‌ಸ್ಟೆಬಲ್‌ಗೆ ನ್ಯಾಯವಾದ ವಿಚಾರಣೆ ಬೇಕು ಎನ್ನುವುದು ಒಂದು. ಲಾಕಪ್ಪಿನಲ್ಲಿ ಹೊಡೆದವನನ್ನು ಕಾಪಾಡುವುದು ಬೇರೆಯೇ. ನಾಳೆ ನಮ್ಮಲ್ಲಿ ಸಂಘ ಬಂದರೆ ಇವೆರಡು ಬೆರೆಯದಂತೆ ಬೈಲಾದಲ್ಲೇ ಬರೆಯಬೇಕು.

ಇನ್ನು ನಮ್ಮ ರಾಜ್ಯ. 2016ರ ಜೂನ್ 4 ನಿಮ್ಮ ಮನೆಯಲ್ಲೂ ನೆನಪಿರಬೇಕು. ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ ಎಂಬ, ಮಾನ್ಯತೆ ಇಲ್ಲದ ಸಂಘ ಅಂದು ಸಾಮೂಹಿಕ ರಜೆಗೆ ಕರೆ ಕೊಟ್ಟಿತ್ತು. ಬೇಡಿಕೆಗಳು ನಿಮಗೆ ಗೊತ್ತಿರುವವೇ: ಸಂಬಳ, ವಾರದ ರಜೆ, ಕೆಲಸದ ಅವಧಿ, ಆರ್ಡರ್ಲಿ ಪದ್ಧತಿ, ಮೇಲಧಿಕಾರಿಗಳ ಕಿರುಕುಳ. ಆ ದಿನ ಬರುವ ಮೊದಲೇ ಸಂಘದ ಅಧ್ಯಕ್ಷರನ್ನು ಬಂಧಿಸಿದರು, ದೇಶದ್ರೋಹದ ಕಲಮನ್ನೂ ಹಾಕಿದರು. ರಜೆ ಕೇಳಿದ್ದಕ್ಕೆ ದೇಶದ್ರೋಹ! ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ಜಾರಿಯಾಯಿತು. ಜೂನ್ 4ರಂದು ಬಹುತೇಕ ಎಲ್ಲರೂ ಡ್ಯೂಟಿಗೆ ಹೋದರು. ಮುಷ್ಕರ ಆಗಲಿಲ್ಲ.

ಆದರೆ ಅದರ ಬೆನ್ನಿಗೇ ಸರ್ಕಾರ ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಮಾಡಿತು. ಅದೇ ವರ್ಷ ವರದಿ ಬಂತು. ಪೊಲೀಸರ ಕೆಲಸದ ಕಷ್ಟಕ್ಕೆ ತಕ್ಕ ಸಂಬಳ ಇಲ್ಲ ಎಂದು ಅದು ಒಪ್ಪಿಕೊಂಡಿತು. ಜಾರಿಯ ಆದೇಶ ಬಂದದ್ದು 2019ರ ಜುಲೈನಲ್ಲಿ, ಆಗಸ್ಟ್ 1ರಿಂದ ಅನ್ವಯ. ಸುಮಾರು ಮೂರು ವರ್ಷ. ಬಂದಮೇಲೂ ಹೊಸದಾಗಿ ಸೇರಿದವರಿಗೆ ಲಾಭ, ಸರ್ವಿಸ್ ಜಾಸ್ತಿ ಇರುವ ಹಳಬರಿಗೆ ಇಲ್ಲ ಎಂಬ ಕೂಗು ಎದ್ದಿತು. ಒಂದು ಮಾನ್ಯತೆ ಪಡೆದ ಸಂಘ ಇದ್ದಿದ್ದರೆ ಕರಡು ಆದೇಶವನ್ನು ಯಾರೋ ಒಬ್ಬ ಅನುಭವಿ ಹೆಡ್ ಕಾನ್‌ಸ್ಟೆಬಲ್ ಮೊದಲೇ ಓದಿ, 'ಸಾರ್, ಇಲ್ಲಿ ಹಳಬರು ಬಿಟ್ಟುಹೋಗ್ತಾರೆ' ಎಂದು ಹೇಳಬಹುದಿತ್ತು. ಓದಿ ಹೇಳುವವರು ಇರಲಿಲ್ಲ.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ್ದು ಇನ್ನೊಂದಿದೆ. 2023ರ ಮಾರ್ಚ್ 1ರಂದು ಕರ್ನಾಟಕ ರಾಜ್ಯ ಸರ್ಕಾರಿ ನೌಕರರ ಸಂಘ ಮುಷ್ಕರ ಶುರುಮಾಡಿತು. ಅದೇ ದಿನ ಸರ್ಕಾರ 17 ಶೇಕಡಾ ಮಧ್ಯಂತರ ಪರಿಹಾರ ಘೋಷಿಸಿತು. ಮುಂದೆ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಮೂಲ ವೇತನಕ್ಕೆ 27.5 ಶೇಕಡಾ ಸೇರಿತು. ಆ ಪರಿಷ್ಕರಣೆಯಲ್ಲಿ ನಿಮ್ಮ ಗಂಡನಿಗೂ ಪಾಲು ಇದೆ. ಅಂದರೆ ಸಂಬಳದ ವಿಷಯದಲ್ಲಿ ಶಿಕ್ಷಕರು, ಗುಮಾಸ್ತರು, ನರ್ಸ್‌ಗಳು ಮಾಡಿದ ಹೋರಾಟದ ಫಲ ಪೊಲೀಸರಿಗೂ ತಲುಪಿತು. ಆದರೆ ನೈಟ್ ಬೀಟ್, ಬಂದೋಬಸ್ತ್, ಗಂಡ ಒಂದು ಜಿಲ್ಲೆ ಹೆಂಡತಿ ಇನ್ನೊಂದು ಜಿಲ್ಲೆಯ ವರ್ಗಾವಣೆ ಸಮಸ್ಯೆ, ಇವನ್ನು ಗುಮಾಸ್ತರ ಸಂಘ ಕೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ.

ವಾರದ ರಜೆಯ ಮಾತು ತೆಗೆದಿರಿ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋಗಾಗಿ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜು ಮಾಡಿದ, 2014ರ ಅಧ್ಯಯನವೊಂದು ಇದೆ. ದೇಶದ ಠಾಣೆಗಳಲ್ಲಿ ಸುಮಾರು 90 ಶೇಕಡಾ ಸಿಬ್ಬಂದಿ 8 ಗಂಟೆಗಿಂತ ಹೆಚ್ಚು ಕೆಲಸ ಮಾಡುತ್ತಾರೆ, ಮುಕ್ಕಾಲು ಪಾಲು ಜನರಿಗೆ ತಿಂಗಳಿಗೆ ಒಂದು ವಾರದ ರಜೆಯೂ ಸರಿಯಾಗಿ ಸಿಗುವುದಿಲ್ಲ ಎಂದು ಅದು ಹೇಳಿತು. ನನ್ನ ಹತ್ತಿರ ಬಂದ ಒಂದು ಪ್ರಕರಣದಲ್ಲಿ ವಾರದ ರಜೆ ರಿಜಿಸ್ಟರಿನ ನಕಲು ಇತ್ತು. ಒಬ್ಬ ಕಾನ್‌ಸ್ಟೆಬಲ್ ಆ ಭಾನುವಾರ ರಜೆ ತೆಗೆದುಕೊಂಡಿದ್ದಾನೆ ಎಂದು ಅದರಲ್ಲಿ ಅವನದೇ ಸಹಿ. ಅದೇ ಭಾನುವಾರದ ಠಾಣಾ ದಿನಚರಿಯಲ್ಲಿ ಬೆಳಿಗ್ಗೆ ಆರರಿಂದ ಜಾತ್ರೆ ಬಂದೋಬಸ್ತ್‌ಗೆ ಹೋದವರ ಪಟ್ಟಿ, ಅದರಲ್ಲೂ ಅವನದೇ ಹೆಸರು, ನಂಬರಿನ ಸಮೇತ. ಎರಡೂ ಸರ್ಕಾರಿ ದಾಖಲೆ. ಮೇಲಿನವರಿಗೆ ಹೋಗುವ ವರದಿಗೆ ಒಂದು, ಡ್ಯೂಟಿಗೆ ಇನ್ನೊಂದು. ಸಹಿ ಯಾಕೆ ಹಾಕಿದೆ ಎಂದು ಕೇಳಿದರೆ, 'ಹಾಕು ಅಂದ್ರು ಸಾರ್' ಎಂದ. ಇಂಥ ರಿಜಿಸ್ಟರನ್ನು ಪ್ರಶ್ನೆ ಮಾಡುವ ಶಕ್ತಿ ಒಬ್ಬ ಕಾನ್‌ಸ್ಟೆಬಲ್‌ಗೆ ಇಲ್ಲ. ನೂರು ಠಾಣೆಗಳ ರಿಜಿಸ್ಟರ್ ಒಟ್ಟಿಗೆ ನೋಡಿ ಎಸ್‌ಪಿ ಮುಂದೆ ಇಡಬಲ್ಲ ಚುನಾಯಿತ ಪ್ರತಿನಿಧಿಗೆ ಇರುತ್ತದೆ.

ಕೆಲವರು ಹೇಳುತ್ತಾರೆ, ಪೊಲೀಸರಿಗೆ ಬೇರೆ ದಾರಿ ಇದೆಯಲ್ಲ, ಸುಪ್ರೀಂ ಕೋರ್ಟೇ ಪೊಲೀಸ್ ಸುಧಾರಣೆಯ ಬಗೆಗಿನ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಎಲ್ಲ ಹೇಳಿದೆಯಲ್ಲ ಎಂದು. 2006ರ ಸೆಪ್ಟೆಂಬರ್ 22ರ ಆ ತೀರ್ಪು ಬಹಳ ದೊಡ್ಡದು, ನಿಜ. ಪೊಲೀಸ್ ಸಿಬ್ಬಂದಿ ಮಂಡಳಿ ರಚಿಸಬೇಕು ಎಂದಿತು. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆ, ಬಡ್ತಿಗಳನ್ನು ಮಂಡಳಿ ತೀರ್ಮಾನಿಸಬೇಕು. ಆದರೆ ಅಹವಾಲು ಕೇಳುವ ಮೇಲ್ಮನವಿ ವೇದಿಕೆಯಾಗಿ ಅದು ಕೆಲಸ ಮಾಡಬೇಕಾದ್ದು ಎಸ್‌ಪಿ ಮತ್ತು ಅದಕ್ಕಿಂತ ಮೇಲಿನವರಿಗೆ! ಐಪಿಎಸ್ ಅಧಿಕಾರಿಗಳಿಗೆ ತಮ್ಮದೇ ಅಸೋಸಿಯೇಷನ್ ಕೂಡ ಇದೆ, ಅದು ಬಹಿರಂಗ ಹೇಳಿಕೆ ಕೊಡುತ್ತದೆ. ಪಡೆಯ ಬಹುಪಾಲು ಇರುವ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಉಳಿದಿರುವುದು ಮೇಲಧಿಕಾರಿ ಅಹವಾಲು ಕೇಳುವ ಆರ್ಡರ್ಲಿ ರೂಮಿನಲ್ಲಿ ಸೆಲ್ಯೂಟ್ ಹೊಡೆದು ನಿಂತು ಹೇಳಿಕೊಳ್ಳುವುದು.

ಇಲಾಖೆ ಏನೂ ಮಾಡುತ್ತಿಲ್ಲ ಎನ್ನುವುದು ಅನ್ಯಾಯವಾಗುತ್ತದೆ. ಪೊಲೀಸರ ಚಿಕಿತ್ಸೆಗೆ ಆರೋಗ್ಯ ಭಾಗ್ಯ ಯೋಜನೆ ಇದೆ. ಪ್ರತಿ ವರ್ಷ ಏಪ್ರಿಲ್ 2ರ ಪೊಲೀಸ್ ಧ್ವಜ ದಿನದ ಹಣ ಕಲ್ಯಾಣ ನಿಧಿಗೆ ಹೋಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಹಳೆಯ ಸ್ಲೌಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಲಾಠಿ ಚಾರ್ಜಿನಲ್ಲಿ ಓಡುವಾಗ ಬೀಳುವ, ಬಿಸಿಲಲ್ಲಿ ಭಾರವಾಗುವ ಆ ಟೋಪಿ ಬೇಡ ಎಂದು ಕಾನ್‌ಸ್ಟೆಬಲ್‌ಗಳು ಎಷ್ಟು ವರ್ಷ ಗೋಗರೆದರು ಎಂಬುದು ನಿಮಗೂ ಗೊತ್ತು. ಒಂದು ಟೋಪಿ ಬದಲಾಗಲು ಅಷ್ಟು ಕಾಲ ಹಿಡಿದದ್ದು ದುಡ್ಡಿನ ಕೊರತೆಯಿಂದ ಎಂದು ನನಗೆ ಅನ್ನಿಸುವುದಿಲ್ಲ. ಅದನ್ನು ತಲೆಯ ಮೇಲೆ ಹೊತ್ತವರ ಮಾತು ಮೇಲಕ್ಕೆ ತಲುಪುವ ದಾರಿ ಇರಲಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ಕರ್ನಾಟಕದಲ್ಲಿ ಪೊಲೀಸರಿಗೆ ಮಾನ್ಯತೆ ಪಡೆದ ಸಂಘ ಬೇಕು. ಮುಷ್ಕರದ ಹಕ್ಕು ಬೇಡ. ಹೇಗೂ ಸುಪ್ರೀಂ ಕೋರ್ಟಿನ 2003ರ ಟಿ.ಕೆ. ರಂಗರಾಜನ್ ತೀರ್ಪಿನ ಪ್ರಕಾರ ಯಾವ ಸರ್ಕಾರಿ ನೌಕರನಿಗೂ ಮುಷ್ಕರ ಮೂಲಭೂತ ಹಕ್ಕಲ್ಲ. ಹೊರಗಿನ ರಾಜಕಾರಣಿ ಪದಾಧಿಕಾರಿ ಆಗಬಾರದು. ಗುಪ್ತ ಮತದಾನದಲ್ಲಿ ಚುನಾವಣೆ ನಡೆಯಬೇಕು, ಮಹಿಳಾ ಸಿಬ್ಬಂದಿಗೆ ಮೀಸಲು ಸ್ಥಾನ ಇರಬೇಕು. ವಿಚಾರಣೆಯಲ್ಲಿ ಸಂಘದ ಪ್ರತಿನಿಧಿಗೆ ಪಕ್ಕದಲ್ಲಿ ಕೂರುವ ಹಕ್ಕು, ವರ್ಷಕ್ಕೆ ನಿಗದಿಯಾದಷ್ಟು ಸಲ ಡಿಜಿಪಿ ಮತ್ತು ಗೃಹ ಇಲಾಖೆ ಜೊತೆ ಸಭೆ, ಸಭೆಯ ನಡಾವಳಿ ಪ್ರಕಟ. ಜನರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಸಂಘ ವಕೀಲರ ಖರ್ಚು ಭರಿಸಬಾರದು. ಇಷ್ಟಕ್ಕೆ 1966ರ ಕಾಯ್ದೆ ಬದಲಾಗಬೇಕಿಲ್ಲ, ಅದರೊಳಗೇ ಜಾಗ ಇದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಇದನ್ನು ನಿಧಾನವಾಗಿ ಓದಿ.

ನೀವು ಪೊಲೀಸ್ ಅಲ್ಲ. 1966ರ ಕಾಯ್ದೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಪತ್ರ ಬರೆಯುವುದು, ಮನವಿ ಕೊಡುವುದು ನಿಮ್ಮ ಹಕ್ಕು. ಆದರೆ 1922ರ ಪೊಲೀಸ್ ಪ್ರಚೋದನಾ ಕಾಯ್ದೆ ಒಂದಿದೆ, ಅಸಹಕಾರ ಚಳವಳಿಯ ಕಾಲದ್ದು. ಪೊಲೀಸರನ್ನು ಸರ್ಕಾರದ ವಿರುದ್ಧ ಎತ್ತಿಕಟ್ಟುವುದು, ಡ್ಯೂಟಿಗೆ ಹೋಗಬೇಡಿ ಎನ್ನುವುದು ಅದರಲ್ಲಿ ಯಾರೇ ಮಾಡಿದರೂ ಅಪರಾಧ. ಸರ್ಕಾರದ ಕ್ರಮವನ್ನು ಕಾನೂನಿನ ದಾರಿಯಲ್ಲಿ ಬದಲಾಯಿಸಿ ಎಂದು ಟೀಕಿಸುವುದು ಅಪರಾಧವಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ 'ವಾರದ ರಜೆ ಕೊಡಿ' ಎಂದು ಬರೆಯಿರಿ. 'ಕೊಡದಿದ್ದರೆ ಎಲ್ಲರೂ ರಜೆ ಹಾಕುತ್ತಾರೆ' ಎಂದು ಬರೆಯಬೇಡಿ. ವಾಟ್ಸಾಪ್ ಗ್ರೂಪಿನಲ್ಲೂ ಬೇಡ.

ಕಾನೂನು ಒಂದು, ಇಲಾಖೆಯ ನಡವಳಿಕೆ ಇನ್ನೊಂದು. 2024ರ ಅಕ್ಟೋಬರ್‌ನಲ್ಲಿ ತೆಲಂಗಾಣದ ವಿಶೇಷ ಪೊಲೀಸ್ ಪಡೆಯ ಕಾನ್‌ಸ್ಟೆಬಲ್‌ಗಳ ಹೆಂಡತಿಯರು ಬೀದಿಗೆ ಬಂದರು, ಗಂಡಂದಿರ ರಜೆಯ ಪದ್ಧತಿ ಬದಲಾದದ್ದಕ್ಕೆ. ಕೆಲವೇ ದಿನಗಳಲ್ಲಿ 39 ಸಿಬ್ಬಂದಿ ಸಸ್ಪೆಂಡ್ ಆದರು, 10 ಜನ ವಜಾ ಆದರು. ವಿಚಾರಣೆ ಇಲ್ಲದೆ ವಜಾ ಮಾಡಲು ಸಂವಿಧಾನದ 311ನೇ ವಿಧಿಯಲ್ಲಿ ಒಂದು ವಿನಾಯಿತಿ ಇದೆ. ಸುಪ್ರೀಂ ಕೋರ್ಟಿನ 1985ರ ತುಳಸೀರಾಮ್ ಪಟೇಲ್ ತೀರ್ಪು ಅದನ್ನು ಎತ್ತಿಹಿಡಿದಿದೆ. ಚಳವಳಿ ಮಾಡಿದ ಪೊಲೀಸರ ಮೇಲೆ ಅದನ್ನು ಬಳಸಿದ ಉದಾಹರಣೆಗಳು ಹಿಂದೆಯೂ ಇವೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಗೊತ್ತಿದ್ದು ಹೆಜ್ಜೆ ಇಡಿ ಅಂತ ಅಷ್ಟೆ. ಗಂಡನ ಹೆಸರು, ಠಾಣೆಯ ಹೆಸರು ಹಾಕಿ ಮುಖ್ಯಮಂತ್ರಿಗಳಿಗೆ ಬರೆದರೆ ಆ ಪತ್ರ ಸುತ್ತಿ ಸುತ್ತಿ ಅದೇ ಠಾಣೆಗೆ ಬಂದು ಬೀಳುತ್ತದೆ. ಅವರೇ ಬರೆಸಿದ್ದು ಎಂದು ಮೇಲಿನವರು ಅಂದುಕೊಳ್ಳುವ ಸಾಧ್ಯತೆ ಜಾಸ್ತಿ. ಹೊರಗಿನ ಪ್ರಭಾವ ತಂದರು ಎಂದು ನಡತೆ ನಿಯಮಗಳ ಅಡಿ ನೋಟಿಸ್ ಕೊಡಲೂಬಹುದು.

ಬದಲಿಗೆ ಹೀಗೆ ಮಾಡಿ. ಹೆಸರುಗಳನ್ನು ಕೇಳದೆ, ಬರೀ ಸಂಖ್ಯೆ ಕೇಳುವ ಮಾಹಿತಿ ಹಕ್ಕು ಅರ್ಜಿಯೊಂದನ್ನು ಎಸ್‌ಪಿ ಕಚೇರಿಗೆ ಹಾಕಿ. ಜಿಲ್ಲೆಯ ಪ್ರತಿ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಕಳೆದ ಆರು ತಿಂಗಳಲ್ಲಿ ತಿಂಗಳುವಾರು ವಾರದ ರಜೆ ಪಡೆದವರು ಎಷ್ಟು ಜನ. ಶುಲ್ಕ 10 ರೂಪಾಯಿ. ಸಾಧ್ಯವಾದರೆ ನಿಮ್ಮ ಹೆಸರಿನ ಬದಲು ಪರಿಚಯದ ಒಬ್ಬ ವಕೀಲರೋ ನಿವೃತ್ತ ಪೊಲೀಸರೋ ಹಾಕಲಿ. ನಿವೃತ್ತರಿಗೆ 1966ರ ಕಾಯ್ದೆಯ ಕಾಟ ಇಲ್ಲ, ಅವರ ಸಂಘಗಳು ಜಿಲ್ಲೆಗಳಲ್ಲಿ ಇವೆ, ಇಂಥ ಕೆಲಸಕ್ಕೆ ಅವರಿಗಿಂತ ಒಳ್ಳೆಯವರಿಲ್ಲ. ಬಂದ ಅಂಕಿಗಳನ್ನು ನಿಮ್ಮ ಶಾಸಕರಿಗೆ ಕೊಟ್ಟು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಲು ಹೇಳಿ. ಸದನದ ಪ್ರಶ್ನೆಗೆ ಗೃಹ ಸಚಿವರು ಲಿಖಿತ ಉತ್ತರ ಕೊಡಲೇಬೇಕು, ಅದು ದಾಖಲೆ ಆಗುತ್ತದೆ.

ನಿಮ್ಮ ಗಂಡನಿಗೂ ಎರಡು ಮಾತು. ಕೆಲಸ ಮಾಡಿದ ದಿನಕ್ಕೆ ರಜೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಾಗಿ ಬಂದರೆ, ತಮ್ಮ ಡೈರಿಯಲ್ಲಾದರೂ ಆ ದಿನದ ಡ್ಯೂಟಿ ಜಾಗ, ಸಮಯ ಬರೆದಿಟ್ಟುಕೊಳ್ಳಲಿ. ಅಹವಾಲು ಇದ್ದರೆ ಬಾಯಲ್ಲಿ ಹೇಳಿ ಬರಬಾರದು, ಸೂಕ್ತ ಮಾರ್ಗದಲ್ಲಿ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಶಿಕ್ಷೆಯ ಆದೇಶ ಏನಾದರೂ ಬಂದರೆ ಮೊದಲು ಇಲಾಖೆಯೊಳಗಿನ ಮೇಲ್ಮನವಿ, ಆಮೇಲೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಅದು ಬೆಂಗಳೂರಿನಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಎಷ್ಟೋ ಜನ 'ನೋಡೋಣ, ಸಾಹೇಬರು ವರ್ಗ ಆಗ್ತಾರೆ' ಎಂದು ಕಾದು ಈ ಗಡುವನ್ನು ಕಳೆದುಕೊಳ್ಳುತ್ತಾರೆ. ನಿಮ್ಮ ಮನೆಯಲ್ಲಿ ಹಾಗಾಗದಂತೆ ಆದೇಶದ ದಿನಾಂಕವನ್ನು ನೀವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.